ಮಾಲಿ ಫಕೀರಪ್ಪನ ವಿಲ್ಲೋ ಗಿಡ

ಧಾರವಾಡದ ಒಂದು ಓಣಿಯಲ್ಲಿ ಫಕೀರಪ್ಪ ಎಂಬ ಮಾಲಿ ಇದ್ದ. ಮೂವತ್ತೆಂಟು ವರ್ಷ ಒಂದು ದೊಡ್ಡ ನರ್ಸರಿಯಲ್ಲಿ ದುಡಿದು ನಿವೃತ್ತನಾಗಿದ್ದ. ಅವನು ಮಣ್ಣಿಗೆ ಊರಿದ ಕಡ್ಡಿ ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. ಮಾವಿಗೆ ಕಸಿ ಕಟ್ಟುವುದಿರಲಿ, ಸೊರಗಿದ ಗುಲಾಬಿಯನ್ನು ಚಿಗುರಿಸುವುದಿರಲಿ, ಓಣಿಯವರು ಅವನನ್ನೇ ಕರೆಯುತ್ತಿದ್ದರು. "ಫಕೀರಪ್ಪನ ಕೈಗುಣ ಅದು" ಎನ್ನುತ್ತಿದ್ದರು. ಆ ಮಾತು ಬಂದಾಗ ಅವನು ಕೇಳದವನಂತೆ ಕಳೆ ತೆಗೆಯುವ ಕುರ್ಪಿಯ ಮಣ್ಣು ಒರೆಸುತ್ತ ಕೂರುತ್ತಿದ್ದ. ಆದರೆ ಒಂದಕ್ಷರ ಬಿಡದೆ ಕೇಳಿಸಿಕೊಂಡಿರುತ್ತಿದ್ದ.

ಕೆಲಸದಲ್ಲಿ ಇದ್ದಷ್ಟು ದಿನ ಅವನು ಬೆಳೆಸಿದ್ದೆಲ್ಲ ಬೇರೆಯವರು ಬೇಡಿದ ಗಿಡಗಳನ್ನು. ತನಗಾಗಿ ಬೆಳೆಸಬೇಕೆಂದು ಅವನ ಮನಸ್ಸಿನಲ್ಲಿ ಉಳಿದದ್ದು ಒಂದೇ ಒಂದು. ಒಮ್ಮೆ ಪುಷ್ಪಪ್ರದರ್ಶನಕ್ಕೆಂದು ಅವನನ್ನು ಊಟಿಗೆ ಕಳಿಸಿದ್ದರು. ಅಲ್ಲಿ ನೀರಿನ ದಂಡೆಯ ಮೇಲೆ ಒಂದು ವಿಲ್ಲೋ ಮರ ಕಂಡಿತು. ಉಳಿದ ಮರಗಳೆಲ್ಲ ಕೈ ಮೇಲೆತ್ತಿ ನಿಂತಿದ್ದರೆ ಇದೊಂದು ಕೈಗಳನ್ನೆಲ್ಲ ಕೆಳಗೆ ಬಿಟ್ಟುಕೊಂಡು ನಿಂತಿತ್ತು. ಸಣ್ಣ ಗಾಳಿ ಬಂದರೂ ಸಾಕು, ಉದ್ದುದ್ದ ಟೊಂಗೆಗಳು ನೀರನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿದ್ದವು. ಫಕೀರಪ್ಪ ಊಟದ ಹೊತ್ತು ಮೀರುವವರೆಗೂ ಅದನ್ನೇ ನೋಡುತ್ತ ನಿಂತಿದ್ದ.

ನಿವೃತ್ತಿಯಾದ ವರ್ಷ ಹಳೆಯ ಗೆಳೆಯನೊಬ್ಬ ಆ ಕಡೆಗೆ ಹೋಗಿದ್ದವನು ಒದ್ದೆ ಕಾಗದದಲ್ಲಿ ಸುತ್ತಿ ಒಂದು ಗೇಣುದ್ದದ ವಿಲ್ಲೋ ಕಡ್ಡಿ ತಂದುಕೊಟ್ಟ. ಫಕೀರಪ್ಪ ಅದನ್ನು ಒಂದು ತಂಬಿಗೆ ನೀರಿನಲ್ಲಿಟ್ಟ. ವಾರದೊಳಗೆ ಕಡ್ಡಿಯ ಬುಡದಲ್ಲಿ ಬೇರು ಒಡೆಯಿತು. ಕೂದಲಿನಷ್ಟು ತೆಳ್ಳಗಿನ, ಕುಂಕುಮ ಸವರಿದಂತಹ ಕೆಂಪು ಬೇರು.

ಅವನ ಹೆಂಡತಿ ಶಂಕ್ರವ್ವ ಬಗ್ಗಿ ನೋಡಿ, "ಇದೇನ್ರಿ, ಬೇರಿಗೂ ಬಣ್ಣ ಐತಿ?" ಎಂದಳು.

"ನೀರಾಗ ಬೆಳದ್ರ ಇದರ ಬೇರು ಕೆಂಪಗ ಬರ್ತದ. ಬ್ಯಾರೆ ಯಾವ ಗಿಡಕ್ಕೂ ಹಿಂಗ ಇರೂದು ನಾ ಕಂಡಿಲ್ಲ" ಎಂದ ಫಕೀರಪ್ಪ.

ಮನೆಯ ಹಿತ್ತಲು ಚಿಕ್ಕದು. ಎರಡು ದಾಸವಾಳ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು. ಉಳಿದ ಜಾಗವೆಂದರೆ ಪಕ್ಕದ ಮನೆಯ ಗೋಡೆಯ ಬದಿ ಮಾತ್ರ. ಅಲ್ಲಿಯೇ ಗುಂಡಿ ತೋಡಿದ. ಗೋಡೆಯ ಆಚೆ ಅನಸೂಯಾ ಎಂಬ ಶಿಕ್ಷಕಿಯ ಮನೆ. ಓಣಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಒಬ್ಬರೇ ಇದ್ದರು. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಂದು ಸಲವಾದ್ದರಿಂದ ಹಿಂದಿನ ವರ್ಷವಷ್ಟೇ ಮನೆ ಕಟ್ಟುವ ಗೌಂಡಿ ಮೌಲಾಸಾಬನಿಂದ ನೆಲದೊಳಗೆ ನೀರಿನ ಹೊಸ ಟಾಕಿ ಕಟ್ಟಿಸಿಕೊಂಡಿದ್ದರು.

ಗುಂಡಿ ತೋಡುವ ಸಪ್ಪಳ ಕೇಳಿ ಅಕ್ಕೋರು ಗೋಡೆಯ ಮೇಲಿಂದ ಇಣುಕಿದರು. "ಫಕೀರಪ್ಪನವರ, ಈ ಕಡೆ ನಮ್ಮ ಟಾಕಿ ಅದ ನೋಡ್ರಿ. ಬೇರಿನಿಂದ ಏನರ ತೊಂದ್ರಿ ಆದೀತೇನು?"

ವಿಲ್ಲೋ ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಫಕೀರಪ್ಪನಿಗೆ ಗೊತ್ತಿತ್ತು. ಆದರೆ ಬೇರೆ ಜಾಗವಿರಲಿಲ್ಲ. ಅಲ್ಲದೆ ವರ್ಷ ವರ್ಷ ಟೊಂಗೆ ಸವರಿ ಗಿಡವನ್ನು ಸಣ್ಣದಾಗಿಯೇ ಇಟ್ಟರಾಯಿತು ಎಂದುಕೊಂಡ. "ನಾ ಹಚ್ಚೋ ಗಿಡ ಐತಿ ಅಕ್ಕೋರ. ಚಿಂತಿ ಬಿಡ್ರಿ" ಎಂದ.

ಅಕ್ಕೋರು ಚಿಂತೆ ಬಿಟ್ಟು ಒಳಗೆ ಹೋದರು. ಮಾಲಿಯೇ ಹೇಳಿದ ಮೇಲೆ ಇನ್ನೇನು ಎಂದು ಅವರಿಗೆ.

ಗಿಡ ಬೆಳೆಯಿತು. ಮೊದಲ ಎರಡು ಬೇಸಿಗೆ ಬಲು ಕಷ್ಟ ಕೊಟ್ಟಿತು. ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು ಎಲ್ಲ ಹೊತ್ತು ಹಾಕಿದರೂ ಏಪ್ರಿಲ್ ಬಂತೆಂದರೆ ಎಲೆಯ ತುದಿ ಸುಟ್ಟಂತಾಗುತ್ತಿತ್ತು. ಫಕೀರಪ್ಪ ದಿನವೂ ಸಂಜೆ ಬುಡದ ಮಣ್ಣಿಗೆ ಬೆರಳಿಟ್ಟು ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಮೂರನೆಯ ಬೇಸಿಗೆಯಲ್ಲಿ ಮಾತ್ರ ಆಶ್ಚರ್ಯವಾಯಿತು. ಓಣಿಯ ಬೇವೂ ಬಾಡಿದ್ದಾಗ ವಿಲ್ಲೋ ಮಾತ್ರ ತಿಳಿಹಸಿರಾಗಿ ನೆಲದವರೆಗೆ ಇಳಿಬಿದ್ದಿತು. ಎರಡು ದಿನ ನೀರು ಹಾಕುವುದು ಮರೆತರೂ ಎಲೆ ಮುದುಡಲಿಲ್ಲ. ಅದರ ನೆರಳಿನಲ್ಲಿ ಹೊರಸು ಹಾಕಿಕೊಂಡು ಮಧ್ಯಾಹ್ನ ಮಲಗಿದರೆ ಟೊಂಗೆಗಳು ಮುಖದ ಹತ್ತಿರ ಆಡುತ್ತಿದ್ದವು. ಬೇರೆ ಓಣಿಯವರೂ ನೋಡಲು ಬಂದರು. "ಧಾರವಾಡದ ಬಿಸಲಿನ್ಯಾಗ ಇಂಥಾ ಗಿಡ! ಕೈಗುಣ ಅಂದ್ರ ಇದಪ್ಪ" ಎಂದರು. ಫಕೀರಪ್ಪ ಕುರ್ಪಿ ಒರೆಸಿದ. ಈ ಸಲ ತನ್ನ ಕೈಗಳನ್ನೊಮ್ಮೆ ತಾನೇ ತಿರುಗಿಸಿ ನೋಡಿಕೊಂಡ.

ಅದೇ ಬೇಸಿಗೆಯಲ್ಲಿ ಅಕ್ಕೋರ ಟಾಕಿಯಲ್ಲಿ ನೀರು ನಿಲ್ಲದಾಯಿತು. ತುಂಬಿಸಿದ ನೀರು ವಾರ ಬರಬೇಕು, ನಾಲ್ಕೇ ದಿನಕ್ಕೆ ತಳ ಕಾಣುತ್ತಿತ್ತು. ಶಾಲೆ ಬಿಟ್ಟು ಬಂದ ಮೇಲೆ ಅವರು ಕೊಡ ಹಿಡಿದು ಓಣಿಯ ಆ ತುದಿಯ ಬೋರ್‌ವೆಲ್ಲಿಗೆ ನಡೆಯಬೇಕಾಯಿತು. ಒಂದು ಭಾನುವಾರ ಫಕೀರಪ್ಪನನ್ನು ಕರೆದರು. "ಟಾಕಿ ತೊಳೀಬೇಕು ಅಂತ ಮಾಡೀನಿ. ನೀವೂ ಬಂದು ಒಳಗ ಒಂದೀಟು ನೋಡ್ರಿ. ಎಲ್ಲೋ ಸೋರತದ."

ಫಕೀರಪ್ಪ ಏಣಿ ಇಳಿಸಿ ಟಾಕಿಯೊಳಗೆ ಇಳಿದ. ಅಕ್ಕೋರು ಚಹಾ ಮಾಡಲು ಒಳಗೆ ಹೋದರು. ತಳದಲ್ಲಿ ಮೊಣಕಾಲು ಮುಳುಗದಷ್ಟು ನೀರಿತ್ತು. ಮೇಲಿನ ಬಾಯಿಯಿಂದ ಬಿದ್ದ ಬಿಸಿಲಿನಲ್ಲಿ ಅವನು ಒಂದೊಂದೇ ಮೂಲೆ ನೋಡುತ್ತ ಬಂದ. ತನ್ನ ಮನೆಯ ಕಡೆಗಿನ ಗೋಡೆಯಲ್ಲಿ, ನೀರು ನಿಂತ ಮಟ್ಟದಲ್ಲೇ ಪೈಪು ಹಾಯ್ದು ಬರುವಲ್ಲಿ, ಏನೋ ತೇಲಾಡುತ್ತಿತ್ತು. ಹತ್ತಿರ ಹೋದ. ಒಂದು ಹಿಡಿಯಷ್ಟು ಬೇರು. ಕೂದಲಿನಷ್ಟು ತೆಳ್ಳಗೆ. ಕುಂಕುಮ ಸವರಿದಂತೆ ಕೆಂಪಗೆ.

ಅವನಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಗಿಡ ಯಾಕೆ ಬಾಡಲಿಲ್ಲ ಎಂಬುದು. ಅಕ್ಕೋರು ಯಾಕೆ ಕೊಡ ಹೊರುತ್ತಿದ್ದಾರೆ ಎಂಬುದು. ಮೇಲೆ ಸವರಿ ಸವರಿ ಸಣ್ಣದಾಗಿ ಇಟ್ಟ ಗಿಡ ಕಣ್ಣಿಗೆ ಬೀಳದಲ್ಲಿ ಬೆಳೆಯುತ್ತಲೇ ಇತ್ತು. ಬೇರು ತೂರಿದ ಸಂದಿ ಬೆರಳು ಹೋಗುವಷ್ಟು ಅಗಲವಾಗಿ, ನೀರು ಅದರ ಸುತ್ತಲೂ ಹೊರಗೆ ಜಿನುಗುತ್ತಿತ್ತು.

ಮೇಲೆ ಬಳೆಯ ಸಪ್ಪಳವಾಯಿತು. "ಏನರ ಕಂಡತೇನ್ರಿ?" ಎಂದು ಅಕ್ಕೋರು ಕೇಳಿದರು.

ಫಕೀರಪ್ಪನ ಕೈ ಆ ಬೇರನ್ನು ಹಿಡಿದು ಕಿತ್ತಿತು. ಕಿತ್ತದ್ದನ್ನು ಅಂಗಿಯ ಕಿಸೆಯಲ್ಲಿಟ್ಟಿತು. "ಏನಿಲ್ರಿ ಅಕ್ಕೋರ" ಎಂದಿತು ಬಾಯಿ. "ಪೈಪಿನ ಹತ್ರ ಸಂದಿ ಬಿಟ್ಟೈತಿ, ಅಷ್ಟ."

"ಹಂಗಾರ ಗೌಂಡಿ ಕೆಲಸಾನ ಸರಿ ಇಲ್ಲ" ಎಂದರು ಅಕ್ಕೋರು. "ನಂಬಿ ಕೊಟ್ಟಿದ್ದೆ ನಾ."

ಫಕೀರಪ್ಪ ಅದಕ್ಕೆ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಕೊಟ್ಟ ಚಹಾ ಕುಡಿದು ಮನೆಗೆ ಬಂದ.

ಅಕ್ಕೋರು ಕೆಟ್ಟವರಲ್ಲ. ಆದರೆ ಕೊಡ ಹೊತ್ತು ಸೊಂಟ ನೋಯುವವರು ಸುಮ್ಮನಿರುವುದೂ ಕಷ್ಟ. ಬೋರ್‌ವೆಲ್ಲಿನ ಹತ್ತಿರ ಕೇಳಿದವರಿಗೆಲ್ಲ ಹೇಳಿದರು, ಮೌಲಾಸಾಬ ಕಟ್ಟಿದ ಟಾಕಿ ಐದು ವರ್ಷವೂ ಬಾಳಲಿಲ್ಲ ಎಂದು. ಕೇಳಿದವರು ಇನ್ನಿಬ್ಬರಿಗೆ ಹೇಳಿದರು. ಓಣಿಯ ಮೂಲೆಮನೆಯ ಪಾಟೀಲರು ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸಬೇಕೆಂದು ಮೌಲಾಸಾಬನಿಗೆ ಮಾತು ಕೊಟ್ಟಿದ್ದರು. ಬೇರೆ ಗೌಂಡಿಯನ್ನು ಕರೆಸಿದರು.

ಫಕೀರಪ್ಪನಿಗೆ ಇದೆಲ್ಲ ಕಿವಿಗೆ ಬೀಳುತ್ತಿತ್ತು. ಹೇಳಿದರೆ ಗಿಡ ಹೋಗುತ್ತದೆ. ಗಿಡ ಹೋದರೂ ಹೋಗಲಿ, ಮಾಲಿ ಫಕೀರಪ್ಪ ಗೊತ್ತಿದ್ದೂ ತಪ್ಪು ಜಾಗದಲ್ಲಿ ಗಿಡ ಹಚ್ಚಿದ ಎಂದು ಜನ ಮಾತಾಡುತ್ತಾರಲ್ಲ. ವಿಲ್ಲೋ ಇನ್ನೂ ಹಸಿರಾಗಿಯೇ ಇತ್ತು. ಆದರೆ ಅವನು ಹೊರಸನ್ನು ಒಳಗಿನ ಪಡಸಾಲೆಗೆ ಎಳೆದುಕೊಂಡ. ಸೆಖೆಯಲ್ಲಿ ಬೆವರುತ್ತ ಅಲ್ಲಿಯೇ ಮಲಗಿದ.

ಬುಧವಾರ ಶಂಕ್ರವ್ವ ಬಟ್ಟೆ ಒಗೆಯಲು ಕೂತಾಗ ಅಂಗಿಯ ಕಿಸೆಯಲ್ಲಿ ಬೇರು ಸಿಕ್ಕಿತು. ಒಣಗಿ ನಾರಿನಂತಾಗಿದ್ದರೂ ಕೆಂಪು ಮಾಸಿರಲಿಲ್ಲ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಗಿಡವನ್ನು ನೋಡಿದಳು, ಗೋಡೆಯನ್ನು ನೋಡಿದಳು, ಆಮೇಲೆ ಗಂಡನ ಹತ್ತಿರ ಬಂದಳು.

"ಟಾಕ್ಯಾಗ ಸಿಕ್ಕದ್ದೇನ್ರಿ ಇದು?"

ಫಕೀರಪ್ಪ ಹೌದೆಂದು ತಲೆಯಾಡಿಸಿದ.

"ಗಿಡಕ್ಕ ಏನ್ ಗೊತ್ತು, ನೀರ ಕಂಡಲ್ಲಿ ಹೋತು. ಅದರದ್ದೇನು ತಪ್ಪಿಲ್ಲ" ಎಂದಳು ಶಂಕ್ರವ್ವ. "ನಿಮಗ ಗೊತ್ತಾಗಿ ಮೂರು ದಿನ ಆತಲ್ಲ."

ಬೇರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಟ್ಟೆ ಒಗೆಯಲು ಹೋದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಜಗಳವಾಡಲು ಒಂದು ನೆಪವಾದರೂ ಸಿಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಮೌಲಾಸಾಬ ಬಂದು ನಿಂತ. ನಲವತ್ತರ ಆಸುಪಾಸಿನ ಆಳು. ಕೈಯಲ್ಲಿ ಗಾರೆ ಮೆತ್ತುವ ಕರಣಿಯಿಲ್ಲ, ತಲೆಗೆ ಸುತ್ತುವ ಟವೆಲ್ ಹೆಗಲ ಮೇಲಿತ್ತು. ಕೆಲಸಕ್ಕೆ ಹೊರಟವನ ಹಾಗೆ ಕಾಣಲಿಲ್ಲ. ಬೈಯಲು ಬಂದಿದ್ದಾನೆ ಎಂದುಕೊಂಡ ಫಕೀರಪ್ಪ. ಆದರೆ ಅವನು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು ಮೆಲ್ಲಗೆ ಕೇಳಿದ.

"ಕಾಕಾ, ಅಕ್ಕೋರ ಟಾಕಿ ಒಳಗ ನೀವ ಇಳದು ನೋಡೀರಂತ. ನಾ ಹೋದ್ರ ಅವರು ಬಾಗಲಾನ ತಗೀಲಿಲ್ಲ. ಇಪ್ಪತ್ತು ವರ್ಷ ಆತು ಈ ಕೆಲಸ ಮಾಡಾಕ ಹತ್ತಿ, ಒಂದು ಟಾಕಿ ಸೋರಿಲ್ಲ. ಇದೊಂದು ಹೆಂಗ ಸೋರ್ತು ಅಂತ ನನಗ ತಿಳಿಯವಲ್ದು. ಸಿಮೆಂಟ ಕಡಿಮಿ ಬಿತ್ತೋ, ಗ್ವಾಡಿ ಮ್ಯಾಲಿನ ಗಿಲಾಯಿ ಸರಿ ಕೂಡಲಿಲ್ಲೋ? ಎಲ್ಲಿ ತಪ್ಪೇನಿ ಹೇಳ್ರಿ ಕಾಕಾ. ಮುಂದ ತಿದ್ದಿಕೋತೀನಿ."

ಬೈದಿದ್ದರೆ ಫಕೀರಪ್ಪ ತಡೆದುಕೊಳ್ಳುತ್ತಿದ್ದ. ಮಾಡದ ತಪ್ಪನ್ನು ತನ್ನಲ್ಲೇ ಹುಡುಕುತ್ತ ಕೂತವನ ಮುಂದೆ ಅವನಿಗೆ ನಿಲ್ಲಲಾಗಲಿಲ್ಲ. ಎದ್ದು ಹೋಗಿ ಕಿಟಕಿಯ ಕಟ್ಟೆಯ ಮೇಲಿದ್ದ ಬೇರನ್ನು ತಂದು ಮೌಲಾಸಾಬನ ಅಂಗೈಯಲ್ಲಿಟ್ಟ.

"ನೀ ಎಲ್ಲೂ ತಪ್ಪಿಲ್ಲ" ಎಂದ. "ಪೈಪಿನ ಸುತ್ತ ಕೂದಲೆಳಿಯಷ್ಟು ಸಂದಿ ಯಾವ ಟಾಕಿಗಾದ್ರೂ ಇರ್ತದ. ಅದನ್ನ ಹುಡುಕ್ಕೊಂಡು ಹೋಗಿ ಒಡದದ್ದು ನನ್ನ ಗಿಡ. ಹೋದ ಭಾನುವಾರ ನನ್ನ ಕಣ್ಣಾರೆ ಕಂಡೆ. ಕಿತ್ತು ಕಿಸೇದಾಗ ಇಟ್ಟುಕೊಂಡೆ."

ಮೌಲಾಸಾಬ ಬೇರನ್ನು ಬೆರಳಿನಲ್ಲಿ ಹೊಸೆದು ನೋಡಿದ. "ಪಾಟೀಲರ ಕೆಲಸ ಮಂಗಳವಾರ ಹೋತು ಕಾಕಾ" ಎಂದ. "ನೀವು ಭಾನುವಾರ ಒಂದು ಮಾತು ಅಂದಿದ್ರ ಹೋಗ್ತಿರಲಿಲ್ಲ."

"ಹೌದು" ಎಂದ ಫಕೀರಪ್ಪ. "ನಡಿ" ಎಂದು ಚಪ್ಪಲಿ ಮೆಟ್ಟಿದ.

ಇಬ್ಬರೂ ಅಕ್ಕೋರ ಮನೆಗೆ ಹೋದರು. ಅವರು ಶಾಲೆಗೆ ಹೊರಡಲು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಫಕೀರಪ್ಪ ಅಲ್ಲಿಯೇ, ಮೆಟ್ಟಿಲ ಕೆಳಗೆ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದ. ಗಿಡ ಹಚ್ಚುವಾಗ ಬೇರಿನ ಗುಣ ಗೊತ್ತಿದ್ದೂ ಚಿಂತಿ ಬಿಡ್ರಿ ಎಂದದ್ದನ್ನೂ ಬಿಡಲಿಲ್ಲ.

ಅಕ್ಕೋರು ಬೀಗದ ಕೈ ಹಿಡಿದುಕೊಂಡೇ ಕೇಳಿದರು. "ನಾ ಕೊಡಾ ಹೊತ್ತದ್ದು ಹೋಗ್ಲಿ" ಎಂದರು ಕೊನೆಗೆ. "ನಿಮ್ಮ ಮಾತು ನಂಬಿದ್ದೆ ಫಕೀರಪ್ಪನವರ. ಎರಡು ಸಲ." ಆಮೇಲೆ ಮೌಲಾಸಾಬನ ಕಡೆ ತಿರುಗಿದರು. ತರಗತಿಯಲ್ಲಿ ಗಟ್ಟಿಯಾಗಿ ಮಾತಾಡುವ ಅವರ ದನಿ ಅಲ್ಲಿ ಇಳಿಯಿತು. "ನಾನೂ ಕೇಳದ, ನೋಡದ ಅಂದುಬಿಟ್ಟೆ. ನನ್ನದೂ ತಪ್ಪಾತಪ್ಪ."

"ಟಾಕಿ ನಾ ಸರಿ ಮಾಡ್ತೀನ್ರಿ ಅಕ್ಕೋರ" ಎಂದ ಮೌಲಾಸಾಬ. "ಆದ್ರ ಓಣ್ಯಾಗ ನನ್ನ ಹೆಸರು ಕೆಟ್ಟೈತಲ್ಲ, ಅದನ್ನ ಸಿಮೆಂಟ ಹಚ್ಚಿ ಮುಚ್ಚಾಕ ಬರಂಗಿಲ್ಲ."

ಫಕೀರಪ್ಪ, "ಅದು ನನ್ನ ಕೆಲಸ" ಎಂದ.

ಅಂದು ಸಂಜೆ ಅವನು ಓಣಿಯ ಒಂದು ತುದಿಯಿಂದ ಶುರು ಮಾಡಿದ. ಪ್ರತಿ ಮನೆಯ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದ. "ಟಾಕಿ ಒಡದದ್ದು ನನ್ನ ವಿಲ್ಲೋ ಗಿಡ. ಗೌಂಡಿ ಕೆಲಸ ಚಲೋ ಐತಿ. ನಾ ಕಂಡೂ ಸುಮ್ಮನಿದ್ದೆ." ಎರಡನೆಯ ಮನೆಯ ಹೊತ್ತಿಗೆ ಅಕ್ಕೋರೂ ಬಂದು ಪಕ್ಕದಲ್ಲಿ ನಿಂತರು. ಯಾಕೆ ಬಂದಿರಿ ಎಂದು ಅವನು ನೋಡಿದಾಗ, "ಈ ಮನೀಗೆ ಸುದ್ದಿ ಮುಟ್ಟಿಸಿದಾಕಿ ನಾನ" ಎಂದರು. ಕೆಲವರು ನಕ್ಕರು. ಒಬ್ಬಾಕೆ, "ಇಷ್ಟು ವರ್ಷದ ಮಾಲಿಗೆ ಇದು ತಿಳೀಲಿಲ್ಲೇನು?" ಎಂದಳು. "ತಿಳದಿತ್ತು ತಂಗಿ" ಎಂದ ಫಕೀರಪ್ಪ. ಅವನು ಹೆದರಿದ್ದು ಈ ಮಾತಿಗೇ. ಬಂತು, ಹೋಯಿತು. ಮುಂದಿನ ಬಾಗಿಲಿಗೆ ನಡೆದ.

ಮೂಲೆಮನೆಯ ಪಾಟೀಲರು ಕೇಳಿ ಹುಬ್ಬು ಗಂಟಿಕ್ಕಿದರು. ಕೋಣೆಗಳ ಕೆಲಸ ಆಗಲೇ ಬೇರೆಯವನಿಗೆ ಹೋಗಿತ್ತು, ಅದನ್ನು ತಪ್ಪಿಸುವುದು ನ್ಯಾಯವಲ್ಲ. "ಮ್ಯಾಲಿನ ನೀರಿನ ತೊಟ್ಟಿ, ಮೆಟ್ಟಲಾ ಎರಡೂ ಮೌಲಾಸಾಬ ಮಾಡ್ಲಿ" ಎಂದರು. "ತಪ್ಪು ಒಪ್ಪಿಕೊಂಡು ಮನಿ ಮನಿ ತಿರಗೂ ಮಂದಿ ಅವನ ಪರವಾಗಿ ಬಂದಾರ ಅಂದ್ರ ಅವನ ಕೆಲಸ ನೋಡಬೇಕಾತು."

ಭಾನುವಾರ ಬೆಳಿಗ್ಗೆ ಫಕೀರಪ್ಪ ಗರಗಸ ತಂದು ವಿಲ್ಲೋವನ್ನು ತಾನೇ ಕಡಿದ. ಬುಡ ಬಿಟ್ಟರೆ ಮತ್ತೆ ಚಿಗುರುವ ಜಾತಿ. ಎರಡು ದಿನ ಅಗೆದು ಬೇರಿನ ಜಾಡು ಹಿಡಿದು ಹೋದ. ಗಿಡದ ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪವಿದ್ದ ಬೇರು ಗೋಡೆಯ ಕೆಳಗೆ ನುಸುಳಿ ನೆಟ್ಟಗೆ ಟಾಕಿಗೇ ಹೋಗಿತ್ತು. ಅತ್ತಿತ್ತ ಒಂದು ಗೇಣು ಸಹ ಸರಿದಿರಲಿಲ್ಲ. ಅಕ್ಕೋರು ಅದನ್ನು ನೋಡಿ, "ಪೈಪ್ ಹಾಕಿದಂಗ ಹೋಗೇದಲ್ರಿ" ಎಂದು ಬೆರಗಾದರು.

ಮೌಲಾಸಾಬ ಟಾಕಿಯ ಸಂದಿ ಒಡೆದು ಹೊಸದಾಗಿ ಕಟ್ಟಿದ. ಸಿಮೆಂಟು, ಮರಳು, ಇಟ್ಟಂಗಿ ಫಕೀರಪ್ಪ ತರಿಸಿದ. ಕೈಯಾಳು ಬೇಕಲ್ಲ ಎಂದಾಗ ಅರವತ್ತು ದಾಟಿದ ಫಕೀರಪ್ಪ ಪಂಚೆ ಎತ್ತಿ ಕಟ್ಟಿ ತಾನೇ ಬುಟ್ಟಿ ಹಿಡಿದ. ಮೊದಲ ದಿನ ಗೌಂಡಿ ಅವನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ. ಎರಡನೆಯ ದಿನ, "ಕಾಕಾ, ಕಲಸೂದು ನಿಮಗೇನ್ ತಿಳೀತದ, ಇದು ಗೊಬ್ಬರ ಅಲ್ಲ" ಎಂದು ಸಲಿಕೆ ಕಸಿದುಕೊಂಡ. ಶಂಕ್ರವ್ವ ಅಲ್ಲಿಗೇ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಳು. ಮೂವರೂ ಟಾಕಿಯ ದಂಡೆಯ ಮೇಲೆ ಕೂತು ಉಂಡರು. ಅಕ್ಕೋರು ಮಜ್ಜಿಗೆ ಕೊಟ್ಟರು.

ಕೆಲಸ ಮುಗಿದಾಗ ಒಂದು ಬುಟ್ಟಿ ಗಾರೆ, ಒಂದಷ್ಟು ಇಟ್ಟಂಗಿ ಉಳಿದವು. ಮೌಲಾಸಾಬ ಫಕೀರಪ್ಪನ ಹಿತ್ತಲಿಗೆ ಬಂದು ಬರಿದಾದ ಜಾಗ ನೋಡಿದ. ಮೂಲೆಯಲ್ಲಿ ಬಕೆಟ್ಟಿನ ನೀರಿನಲ್ಲಿ ಒಂದೇ ಒಂದು ವಿಲ್ಲೋ ಕಡ್ಡಿ ನಿಂತಿತ್ತು.

"ಮತ್ತ ಹಚ್ಚತೀರೇನು?"

"ಇಲ್ಲೋ. ಒಗೀಬೇಕು ಅಂದೆ, ಕೈ ಬರಲಿಲ್ಲ" ಎಂದ ಫಕೀರಪ್ಪ.

ಮೌಲಾಸಾಬ ಉಳಿದ ಇಟ್ಟಂಗಿ, ಗಾರೆ ಅಲ್ಲಿಗೇ ಹೊತ್ತು ತಂದ. ಹಿತ್ತಲಿನ ನಡುವೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನಾಲ್ಕು ಕಲ್ಲಿನ ಮೇಲೆ ಒಂದು ಚಪ್ಪಟೆ ಫರಸಿಗಲ್ಲು ಹಾಸಿದ. ಅದರ ಮೇಲೆ ದುಂಡನೆಯ ತೊಟ್ಟಿ ಕಟ್ಟಿ ಒಳಗೂ ಹೊರಗೂ ಸಿಮೆಂಟು ಸವರಿ ಗಿಲಾಯಿ ಮಾಡಿದ. ತಳಕ್ಕೆ ನೀರು ಬಸಿಯುವ ತೂತು ಬಿಟ್ಟ. "ಇದರಾಗ ಹಚ್ಚರಿ" ಎಂದ. "ಬೇರು ಹೊರಗ ಬಂದ್ರ ಈ ತೂತಿನಿಂದಾನ ಬರಬೇಕು. ಬಂದ ದಿನಾನ ಕಣ್ಣಿಗೆ ಬೀಳತದ. ಕತ್ತರಿಸ್ರಿ."

ಗೋಡೆಯ ಮೇಲಿಂದ ನೋಡುತ್ತಿದ್ದ ಅಕ್ಕೋರ ಕಡೆ ಫಕೀರಪ್ಪ ತಿರುಗಿದ. "ಬ್ಯಾಡ ಅಂದ್ರ ಬಿಡ್ತೀನ್ರಿ."

"ಹಚ್ಚರಿ" ಎಂದರು ಅಕ್ಕೋರು. "ನನಗೂ ಆ ಗಿಡ ಸೇರ್ತಿತ್ತು. ಆದ್ರ ವಾರಕ್ಕೊಮ್ಮೆ ನಾ ಬಂದು ಆ ತೂತು ನೋಡಾಕಿನ."

ಅಂದಿನಿಂದ ಅವರು ಭಾನುವಾರ ಬಂದು ಬಗ್ಗಿ ತೂತು ನೋಡುತ್ತಾರೆ. ನೋಡಿದ ಮೇಲೆ ಶಂಕ್ರವ್ವನ ಜೊತೆ ಚಹಾ ಕುಡಿದು ಹೋಗುತ್ತಾರೆ.

ತೊಟ್ಟಿಯ ಗಿಡಕ್ಕೆ ಈಗ ನಾಲ್ಕು ವರ್ಷ. ಫಕೀರಪ್ಪನ ಹೆಗಲೆತ್ತರ ಇದೆ, ಅಷ್ಟೇ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಮನೆಯ ನೀರು ಹೊತ್ತು ಹಾಕಬೇಕು. ಹಾಕಿದರೂ ಏಪ್ರಿಲ್ಲಿನಲ್ಲಿ ಎಲೆಯ ತುದಿ ಕಂದುತ್ತದೆ. ಮಳೆ ಬಿದ್ದೊಡನೆ ಮತ್ತೆ ಹಸಿರು ಹೊದ್ದು ತೊಟ್ಟಿಯ ಅಂಚಿನಾಚೆ ಇಳಿಬೀಳುತ್ತದೆ. ಅದರ ಪಕ್ಕಕ್ಕೆ ಹೊರಸು ಹಾಕಿಕೊಂಡು ಫಕೀರಪ್ಪ ಮಧ್ಯಾಹ್ನ ಒಳ್ಳೆಯ ನಿದ್ದೆ ಮಾಡುತ್ತಾನೆ. ನೆರಳು ಎದೆಯ ತನಕವೇ ಬರುತ್ತದೆ. ಕಾಲಿಗೆ ಬಿಸಿಲು ಬೀಳುತ್ತದೆ, ಬೀಳಲಿ ಎನ್ನುತ್ತಾನೆ.

ಮೊನ್ನೆ ಹಳೆಯ ಗಿಡ ನೋಡಿದ್ದವರೊಬ್ಬರು ಬಂದಿದ್ದರು. "ಏನ್ ಫಕೀರಪ್ಪ, ಗಿಡ ಇಷ್ಟಕ್ಕ ನಿಂತತಲ್ಲ? ಮೊದಲಿಂದು ಎಷ್ಟ ಎತ್ತರ ಇತ್ತು. ಕೈಗುಣ ಕಡಿಮಿ ಆತೇನು?" ಎಂದು ಕೇಳಿದರು.

ಫಕೀರಪ್ಪ ನಗುತ್ತ ಒಂದು ಚೊಂಬು ನೀರನ್ನು ಬುಡಕ್ಕೆ ಹಾಕಿದ. "ಆಗ ಅದು ಎರಡು ಮನಿ ನೀರು ಕುಡೀತಿತ್ರಿ" ಎಂದ. "ಈಗ ಒಂದ ಮನೀದು."

ನೀತಿ: ನಮ್ಮ ಅಂಗಳ ಹಸಿರಾಗಿದೆ ಎಂದು ಹಿಗ್ಗುವ ಮೊದಲು ಅದು ಯಾರ ನೀರಿನಿಂದ ಹಸಿರಾಗಿದೆ ಎಂದು ನೋಡಿಕೊಳ್ಳಬೇಕು. ನಮ್ಮ ತಪ್ಪು ನಮಗೆ ತಿಳಿದ ಮೇಲೂ ಬಾಯಿ ಮುಚ್ಚಿಕೊಂಡರೆ, ಅದರ ಹೊರೆ ಏನೂ ತಿಳಿಯದ ಇನ್ನೊಬ್ಬನ ತಲೆಯ ಮೇಲೆ ಕೂರುತ್ತದೆ. ಅದನ್ನು ಇಳಿಸಲು ಮನಸ್ಸಿನಲ್ಲೇ ನೊಂದುಕೊಂಡರೆ ಸಾಲದು. ಅವನ ಹೆಸರು ಕೆಟ್ಟ ಬಾಗಿಲುಗಳಿಗೆ ನಾವೇ ನಡೆದು ಹೋಗಬೇಕು.